ಅರ್ಧ ಹಗಲಿಗೆ ತಿರುಗುತ್ತಿದ್ದ ಕಾರು

ಟಪ್, ಟಪ್, ಟಪ್, ಟಪ್. ಆಮೇಲೆ ಡಿಕ್ಕಿ ಕಿರ್ರೆಂದು ತೆರೆದುಕೊಳ್ಳುವ ಸದ್ದು. ಅದರ ಹಿಂದೆಯೇ ಇನ್ನೊಂದು, ಸ್ವಲ್ಪ ಮಂದವಾದ ಟಪ್.

ದೆಹಲಿಯ ವಸಂತ್ ಕುಂಜ್ ಬಡಾವಣೆಯ ನಮ್ಮ ಪಾಕೆಟ್‌ನಲ್ಲಿ ಹಾಲಿನವನಿಗಿಂತ ಮುಂಚೆ ಕೇಳುತ್ತಿದ್ದದ್ದು ಇದೇ. ಎದುರು ಬ್ಲಾಕಿನ ಕರ್ನಲ್ ತಮ್ಮ ಬೆತ್ತದ ಕೋಲಿನಿಂದ ಕಾರಿನ ನಾಲ್ಕೂ ಟೈರುಗಳನ್ನು ಸುತ್ತು ಹಾಕಿ ತಟ್ಟಿ, ಕೊನೆಗೆ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ತಟ್ಟುತ್ತಿದ್ದರು. ಆ ದಿನ ಕಾರು ಜಾಗ ಬಿಟ್ಟು ಕದಲದಿದ್ದರೂ ಸರಿ, ತಟ್ಟುವುದು ಮಾತ್ರ ತಪ್ಪುತ್ತಿರಲಿಲ್ಲ.

"ಗಾಳಿ ಕಮ್ಮಿ ಆದರೆ ಟೈರಿನ ದನಿ ಬದಲಾಗುತ್ತೆ, ಮೇಡಂ."

"ಅದಕ್ಕೇ ಪ್ರೆಶರ್ ಗೇಜ್ ಅಂತ ಒಂದು ಇರುತ್ತಲ್ಲ, ಕರ್ನಲ್?"

"ಗೇಜ್ ಕೆಟ್ಟಿರಬಹುದು. ನನ್ನ ಕಿವಿ ಇನ್ನೂ ಕೆಟ್ಟಿಲ್ಲ."

ಹೋದ ವಾರ ನಮ್ಮ ರೆಸಿಡೆಂಟ್ಸ್ ಗ್ರೂಪಿನಲ್ಲಿ, ನೀರಿನ ಟ್ಯಾಂಕರ್ ಇವತ್ತು ಲೇಟು ಅನ್ನುವ ಮೆಸೇಜಿನ ಕೆಳಗೆ, ಅವರು ಮೈಸೂರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಜೆಮ್ ಆಫ್ ಎ ಪರ್ಸನ್. ಥರೋ ಜೆಂಟಲ್‌ಮನ್. ಅವರ ಪಾರ್ಕಿಂಗ್ ಜಾಗಕ್ಕೆ ವರ್ಷಗಟ್ಟಲೆ ಜಗಳ ಆಡಿದ ಮೂರನೇ ಮಹಡಿಯವನೂ ಜೆಮ್ ಅಂತ ಬರೆದಿದ್ದ. ನಾನೂ ಏನೋ ಟೈಪ್ ಮಾಡಿದೆ, ಅಳಿಸಿದೆ. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಮ್ಯಾನರ್ಸ್ ಅಡ್ಡ ಬಂತು. ಈ ದೆಹಲಿಯಲ್ಲಿ ಆ ಮನುಷ್ಯನಷ್ಟು ನನ್ನ ತಾಳ್ಮೆ ತಿಂದವರು ಇನ್ನೊಬ್ಬರಿಲ್ಲ. ಅದನ್ನು ಬರೆಯುವ ಜಾಗ ವಾಟ್ಸ್ಯಾಪ್ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನವರು. ಉದ್ದಕ್ಕೆ, ಸಪೂರಕ್ಕೆ, ಮೇ ತಿಂಗಳ ಬಿಸಿಲಲ್ಲೂ ಇನ್ ಮಾಡಿದ ಷರ್ಟು. ನಾನು ಅವರನ್ನು ಕಂಡದ್ದು ತರಕಾರಿ ಗಾಡಿಯ ಮುಂದೆ. ಒಂದು ಬೀನ್ಸ್ ಎತ್ತಿ ಮುರಿಯಲು ನೋಡಿದರು, ಅದು ಬಾಗಿತೇ ಹೊರತು ಮುರಿಯಲಿಲ್ಲ. "ಭಯ್ಯಾ, ಯೇ ತಾಜಾ ಹೈ?" ಅಂತ ಗಂಭೀರವಾಗಿ ಕೇಳಿ, ಆಮೇಲೆ ತಮ್ಮಷ್ಟಕ್ಕೇ ಕನ್ನಡದಲ್ಲಿ, "ಇದರಲ್ಲಿ ಹಸು ಕಟ್ಟಬಹುದು" ಅಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಎರಡು ಬ್ಲಾಕಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅಷ್ಟು ಸಾಕಾಯಿತು, ಪರಿಚಯಕ್ಕೆ. ಆದರೂ ಕೊನೆಯ ದಿನದವರೆಗೂ ನಾನು ಮೇಡಂ, ಅವರು ಕರ್ನಲ್.

ಸೈನ್ಯದಲ್ಲಿ ಅವರದ್ದು ಬಂದೂಕಿನ ಕೆಲಸ ಅಲ್ಲ, ಲಾರಿಗಳದ್ದು. ಅಕ್ಕಿ, ಸೀಮೆಎಣ್ಣೆ, ಕಂಬಳಿ ಹೊತ್ತ ಲಾರಿಗಳ ಸಾಲನ್ನು ಬೆಟ್ಟ ಹತ್ತಿಸಿ, ಮರಳುಗಾಡು ದಾಟಿಸಿ, ಮತ್ತೆ ಖಾಲಿ ಮಾಡಿಕೊಂಡು ಕರೆತರುವುದು. ಕಾನ್‌ವಾಯ್ ಅನ್ನುತ್ತಿದ್ದರು. ರಿಟೈರ್ ಆಗಿ ಎಷ್ಟೋ ಕಾಲವಾಗಿದ್ದರೂ ಅವರ ಕಾರು ಮಾತ್ರ ಇನ್ನೂ ಕಾನ್‌ವಾಯ್‌ನಲ್ಲೇ ಇತ್ತು. ಸ್ಪೀಡು ಒಂದೇ. ಯಾರನ್ನೂ ಓವರ್‌ಟೇಕ್ ಮಾಡುವಂತಿಲ್ಲ, ಟ್ರ್ಯಾಕ್ಟರನ್ನೂ. ತಿರುವು ಬಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಕೆಳಮಾಡಿ, ಹಿಂದಿನ ಲಾರಿಗಳಿಗೆ ಅನ್ನುವ ಹಾಗೆ ನಿಧಾನ, ನಿಧಾನ ಅಂತ ಸನ್ನೆ. ಹಿಂದೆ ಇರುತ್ತಿದ್ದದ್ದು ಲಾರಿಗಳಲ್ಲ, ಗುರುಗ್ರಾಮದ ಆಫೀಸಿಗೆ ಲೇಟಾದ ಹುಡುಗರು. ಅವರು ಹಾರ್ನ್ ಒತ್ತಿ ಒತ್ತಿ ಸಾಯುತ್ತಿದ್ದರು.

"ಊರು ಮುಟ್ಟೋದು ಯಾರು ಬೇಕಾದರೂ ಮುಟ್ಟುತ್ತಾರೆ, ಮೇಡಂ. ಎಲ್ಲರನ್ನೂ ವಾಪಸ್ ತರೋನೇ ಡ್ರೈವರ್." ಇದು ಅವರ ಫೇವರಿಟ್ ಮಾತು. ಈ ಮಾತಿನಿಂದಲೇ ನನಗೆ ಆದದ್ದೆಲ್ಲ ಆಯಿತು.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ನಾನು ಗಣಿಯೂರಿನಲ್ಲೇ ಹುಟ್ಟಿದವಳು, ಕೋಲಾರದ ಚಿನ್ನದ ಗಣಿಯ ಪಕ್ಕದ ಕಾನ್ವೆಂಟಿನಲ್ಲಿ ಓದಿದವಳು, ಮತ್ತೆ ಕೈ ಹಿಡಿದದ್ದೂ ಒಬ್ಬ ಮೈನಿಂಗ್ ಎಂಜಿನಿಯರನ್ನೇ. ಮದುವೆಯಾಗಿ ಹೋದದ್ದು ರಾಜಸ್ಥಾನದ ಅಂಚಿನ ಒಂದು ಹಳೆಯ ತಾಮ್ರದ ಊರಿಗೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, "ಕಾಪರ್" ಅಂತಿದ್ದೆವು. "ಕಾಪರ್‌ನಲ್ಲಿದ್ದಾಗ" ಅಂದರೆ ನಾವು ಚಿಕ್ಕವರಿದ್ದಾಗ ಅಂತ ಅರ್ಥ. ಕಲ್ಲಿನ ಗುಡ್ಡ, ಬೇಲಿಯ ಮೇಲೆ ನವಿಲು, ಶಿಫ್ಟ್ ಬದಲಾಗುವಾಗಿನ ಸೈರನ್. ನಮ್ಮವರ ಷರ್ಟಿನ ತೋಳಂಚಿನಲ್ಲಿ ತಾಮ್ರದ ನೀರಿನ ಹಸಿರು ಕಲೆ, ಎಷ್ಟು ಉಜ್ಜಿದರೂ ಹೋಗದ್ದು. ಉಜ್ಜುತ್ತಾ ಉಜ್ಜುತ್ತಾ ನಾನು ಬೈಯುತ್ತಿದ್ದೆ. ಈಗ ಅನಿಸುತ್ತದೆ, ಆ ಷರ್ಟು ಒಂದನ್ನಾದರೂ ಇಟ್ಟುಕೊಳ್ಳಬಹುದಿತ್ತು.

ಗಣಿಯಲ್ಲಿ ಒಂದು ರೂಢಿ. ಕೆಳಗೆ ಇಳಿಯುವ ಪ್ರತಿಯೊಬ್ಬನಿಗೂ ಅವನ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಒಂದಿರುತ್ತದೆ, ಟೋಕನ್. ಇಳಿಯುವಾಗ ಜೊತೆಗೆ ಒಯ್ಯಬೇಕು, ಮೇಲೆ ಬಂದ ಮೇಲೆ ಕಿಟಕಿಯಲ್ಲಿ ಹಿಂದಿರುಗಿಸಬೇಕು. ಕಿಟಕಿಯವನು ನಂಬರು ಕೂಗುತ್ತಾನೆ, "ಊಪರ್!" ಅನ್ನುತ್ತಾನೆ, ಮೇಲೆ ಬಂದ ಅಂತ, ಬಿಲ್ಲೆಯನ್ನು ಬೋರ್ಡಿನ ಮೇಲೆ ಅದರದ್ದೇ ಮೊಳೆಗೆ ಸಿಕ್ಕಿಸುತ್ತಾನೆ. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಭೂಮಿಯ ಕೆಳಗಿದ್ದಾನೆ ಅಂತಲೇ ಲೆಕ್ಕ. ನಮ್ಮಪ್ಪನ ಕಾಲದಿಂದ ನನಗಿದು ಗೊತ್ತು. ಸೈರನ್ ಹೊತ್ತಲ್ಲದ ಹೊತ್ತಲ್ಲಿ ಕೂಗಿದರೆ ಹೆಂಗಸರೆಲ್ಲ ಓಡಿ ನೋಡುತ್ತಿದ್ದದ್ದು ಆ ಬೋರ್ಡನ್ನೇ.

ನಮ್ಮವರಿಗೆ ದೆಹಲಿಗೆ ವರ್ಗವಾಯಿತು. ಕೊನೆಯ ದಿನ ಕೆಳಗಿನವರೆಲ್ಲ ಹಾರ ಹಾಕಿ, ಲಡ್ಡು ತಿನ್ನಿಸಿ, ಆ ಗಲಾಟೆಯಲ್ಲಿ ನಾನೂರ ಹದಿನೇಳು ನಂಬರಿನ ಬಿಲ್ಲೆ ಜೇಬಿನಲ್ಲೇ ಉಳಿದು ನಮ್ಮ ಜೊತೆ ದೆಹಲಿಗೆ ಬಂತು. "ಅವರ ಬೋರ್ಡಿನ ಪ್ರಕಾರ ನಾನಿನ್ನೂ ಒಳಗೇ ಇದ್ದೀನಿ ಕಣೇ" ಅಂತ ಇವರು ಜೋಕ್ ಮಾಡುತ್ತಿದ್ದರು. ಮುಂದಿನ ಸಲ ಹೋದಾಗ ಕೊಟ್ಟರಾಯಿತು. ಆ ಮುಂದಿನ ಸಲ ಬರಲೇ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲಿ, ಮಾತು ತೊದಲುವಾಗ, ಅದೇ ಜೋಕನ್ನು ಇನ್ನೊಮ್ಮೆ ಹೇಳಿದರು. ಆಗ ಅದು ಜೋಕಾಗಿರಲಿಲ್ಲ.

ಇವರ ಹಳೆಯ ಸಹೋದ್ಯೋಗಿಯೊಬ್ಬರ ಹೆಂಡತಿ ಫೋನ್ ಮಾಡಿ, ಗಣಿಗೆ ಇಳಿಯುವ ಹಳೆಯ ಶಾಫ್ಟ್ ಮುಚ್ಚುತ್ತಾರಂತೆ, ಟೋಕನ್ ರೂಮೂ ಕೆಡವುತ್ತಾರಂತೆ ಅಂದಾಗ, ನಾನು ಹೋಗಲೇಬೇಕು ಅಂತ ತೀರ್ಮಾನಿಸಿದೆ. ಹೋಗಬೇಕು, ಆ ಕಿಟಕಿಯಲ್ಲಿ ಬಿಲ್ಲೆ ಕೊಡಬೇಕು, ಅವನು ನಂಬರು ಕೂಗುವುದನ್ನು ನನ್ನ ಕಿವಿಯಾರೆ ಕೇಳಬೇಕು. ಇಷ್ಟೇ. ನೋಯ್ಡಾದ ನನ್ನ ಮಗಳು ಅಂದಳು, "ಮಮ್ಮಿ, ಕೊರಿಯರ್ ಕರ್ ದೋ ನಾ!" ನಾನು ಫೋನ್ ಇಟ್ಟುಬಿಟ್ಟೆ.

ಟ್ಯಾಕ್ಸಿ ಮಾಡೋಣ ಅಂತಿದ್ದೆ. ತರಕಾರಿ ಗಾಡಿಯ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು.

"ಟ್ಯಾಕ್ಸಿ?" ಅಂದರು ಕರ್ನಲ್, ನಾನು ಬೀದಿನಾಯಿಯ ಮೇಲೆ ಕೂತು ಹೋಗುತ್ತೇನೆ ಅಂದ ಹಾಗೆ. "ಅವರು ಹೊಸ ಹೈವೇಲಿ ಕರ್ಕೊಂಡು ಹೋಗ್ತಾರೆ. ನೀವು ಬಂದದ್ದು ಹಳೇ ರೋಡಲ್ಲಿ. ರೇವಾಡಿ, ನಾರ್ನೌಲ್. ಒಂಟೆಗಳ ಮೇಲೆ ವ್ಯಾಪಾರಿಗಳು ಹೋಗ್ತಿದ್ದ ದಾರಿ ಅದು. ನನ್ನ ಲಾರಿಗಳು ಓಡಿದ ದಾರಿ. ಐ ವಿಲ್ ಟೇಕ್ ಯೂ."

ನನಗೆ ಆಸೆಯಾಯಿತು. ಅದೇ ರೋಡಿನಲ್ಲಿ ನಾನು ಮದುವಣಗಿತ್ತಿಯಾಗಿ ಹೋಗಿದ್ದೆ, ಕಣ್ಣು ಹಲ್ಲು ಎಲ್ಲ ಮರಳು. ಇನ್ನೊಬ್ಬರಿಗೂ ಆ ಮರಳಿನ ರುಚಿ ಗೊತ್ತಿದೆಯಲ್ಲ ಅಂತ ಅನಿಸಿತು. ಬಿಲ್ಲೆಯನ್ನು ಅವರ ಕೈಗೆ ಕೊಟ್ಟು ತೋರಿಸಿದೆ. ಅಂಗೈಯಲ್ಲಿಟ್ಟು ತೂಗಿ ನೋಡಿ, ಕಾರಿನ ಆ್ಯಷ್‌ಟ್ರೇ ಒಳಗಿಟ್ಟು ಮುಚ್ಚಿದರು. "ಸಾಗಿಸೋ ಮಾಲು, ಕನ್‌ಸೈನ್‌ಮೆಂಟು, ಕಮಾಂಡರ್ ಹತ್ತಿರವೇ ಇರಬೇಕು." ಅಲ್ಲಿಂದ ಅದು ನನ್ನ ಕೈಗೆ ವಾಪಸ್ ಬರಲಿಲ್ಲ.

ಮೊದಲ ಸಲ ಹೊರಟಾಗ ಚಳಿಗಾಲ. ಟಪ್ ಟಪ್ ಎಲ್ಲ ಆಗಿ ಹೊರಟರೆ, ಧಾರೂಹೇಡಾ ದಾಟುವುದರೊಳಗೇ ಹಾಲ್ಟ್. ಬಾನೆಟ್ ಎತ್ತಿದರು, ನೋಡಿದರು, ಇಳಿಸಿದರು. "ಇಳಿದು ಓಡಾಡಿ ಮೇಡಂ, ಗಾಡಿಗೆ ರೆಸ್ಟ್ ಬೇಕು." ರೇವಾಡಿಯಲ್ಲಿ ಹಾಲ್ಟ್. ಫ್ಲಾಸ್ಕಿನ ಕಾಫಿ, ಕೊಡಗಿನಿಂದ ತರಿಸಿದ ಪುಡಿ, ಅದೊಂದು ಮಾತ್ರ ಚೆನ್ನಾಗಿತ್ತು. ಸಾಸಿವೆ ಹೊಲದ ಪಕ್ಕ ಹಾಲ್ಟ್. ನಾರ್ನೌಲಿನಲ್ಲಿ ಹಳೆಯ ಮೆಟ್ಟಿಲುಬಾವಿ ತೋರಿಸಲು ಹಾಲ್ಟ್. ನನ್ನ ಮಂಡಿಗೆ ಮೆಟ್ಟಿಲು ಅಂದರೆ ಆಗದು, ಅವರೊಬ್ಬರೇ ಇಳಿದು ಹತ್ತಿ ಬಂದು ವರದಿ ಒಪ್ಪಿಸಿದರು. ಆಮೇಲೆ ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿ, ಕಾರನ್ನು ತಿರುಗಿಸಿದರು.

"ಎಲ್ಲಿಗೆ?"

"ಮನೆಗೆ. ಅರ್ಧ ಹಗಲು ಆಯಿತು. ಲಾಸ್ಟ್ ಲೈಟ್, ಅಂದರೆ ಹೊತ್ತು ಮುಳುಗೋದರೊಳಗೆ ಗಾಡಿ ಠಾಣೆಯಲ್ಲಿರಬೇಕು. ಸ್ಟ್ಯಾಂಡಿಂಗ್ ಆರ್ಡರ್."

"ಯಾರ ಆರ್ಡರ್? ನೀವು ರಿಟೈರ್ಡು!"

"ನನ್ನದೇ."

ಕಾರಿಗೆ ಲೈಟಿಲ್ಲವೇ ಅಂದೆ. ಇದೆ ಅಂದರು. ಊರು ಇನ್ನೊಂದು ಗಂಟೆ ದಾರಿ ಅಂದೆ. ಹೌದು ಅಂದರು. ಅಲ್ಲೇ ಗೆಸ್ಟ್ ಹೌಸಿನಲ್ಲಿ ಉಳಿಯಬಹುದಲ್ಲ, ಬೇರೆ ಬೇರೆ ರೂಮು, ಈ ವಯಸ್ಸಿನಲ್ಲಿ ನಮ್ಮನ್ನು ಯಾರು ಏನಂತಾರೆ ಅಂದೆ. ಅದಕ್ಕೆ ಅವರ ಕಿವಿ ಕೆಂಪಾಯಿತು, ಕಾರು ಮಾತ್ರ ದೆಹಲಿಯ ಕಡೆಗೇ ಓಡಿತು.

ಎರಡನೆಯ ಸಲವೂ ಅದೇ ಹಾಡು. ಆ ಸಲ ಮಂಜು. ನಾರ್ನೌಲನ್ನೂ ಮುಟ್ಟಲಿಲ್ಲ.

ನೀವು ಕೇಳಬಹುದು, ಇಷ್ಟಾದರೂ ಟ್ಯಾಕ್ಸಿ ಯಾಕೆ ಮಾಡಲಿಲ್ಲ ಅಂತ. ಮಗಳೂ ಅದನ್ನೇ ಕೇಳಿದಳು. ಮಾಡುತ್ತೇನೆ ಅಂದಾಗಲೆಲ್ಲ ಅವರು, "ಮುಂದಿನ ಸಲ ಗ್ಯಾರಂಟಿ ಮೇಡಂ" ಅನ್ನುತ್ತಿದ್ದರು. ಬಿಲ್ಲೆ ಇದ್ದ ಆ್ಯಷ್‌ಟ್ರೇ ಅವರ ಕಾರಿನಲ್ಲಿತ್ತು. ಮತ್ತೆ, ನಿಜ ಹೇಳಬೇಕೆಂದರೆ, ದಾರಿಯುದ್ದಕ್ಕೂ ಕನ್ನಡ ಮಾತಾಡಿಕೊಂಡು ಹೋಗುವುದು ನನಗೆ ಇನ್ನೆಲ್ಲಿತ್ತು? ಮಗಳಿಗೆ ಅರ್ಥವಾಗುತ್ತದೆ, ಮೊಮ್ಮಗಳಿಗೆ "ಅಜ್ಜಿ" ಒಂದು ಪದ ಬರುತ್ತದೆ.

ಮೂರನೆಯ ಸಲ ಬೇಸಿಗೆಯ ಶುರು. ಹಗಲು ಉದ್ದ. ನಾರ್ನೌಲ್ ದಾಟಿತು. ಮರಳಿನ ದಿಬ್ಬಗಳು, ಮುಳ್ಳುಗಿಡ, ಒಂಟೆ ಎಳೆಯುವ ಗಾಡಿಗಳು, ಎಲ್ಲ ನಾನು ಬಿಟ್ಟಲ್ಲೇ ಇದ್ದವು. ಒಂದು ಏರು ಹತ್ತಿದ್ದೇ, ದೂರದಲ್ಲಿ ಆ ಗುಡ್ಡ. ಗುಡ್ಡದ ಮುಂದೆ ಕಡ್ಡಿಯಷ್ಟು ಸಣ್ಣದಾಗಿ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ. ಅದರ ಬುಡದಲ್ಲೇ ಟೋಕನ್ ರೂಮು. "ನೋಡಿ, ನೋಡಿ ಕರ್ನಲ್, ಅದೇ!" ಅಂದೆ.

"ನೋಡಿದೆ" ಅಂದರು. ಸೂರ್ಯನನ್ನೂ ನೋಡಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ನಿಧಾನ, ನಿಧಾನ ಅಂತ ಯಾರಿಗೋ ಸನ್ನೆ ಮಾಡಿ, ಕಾರನ್ನು ತಿರುಗಿಸಿದರು.

ಕಾನ್ವೆಂಟಿನಲ್ಲಿ ಕಲಿಯದ ಎಲ್ಲ ಮಾತೂ ಅವತ್ತು ನನ್ನ ಬಾಯಲ್ಲಿ ಬಂತು. "ನಿಲ್ಲಿಸಿ! ನಾನು ನಡೆದುಕೊಂಡು ಹೋಗ್ತೀನಿ." ನಿಲ್ಲಿಸಿದರು. ನಾನು ಇಳಿದೆ. ಚಪ್ಪಲಿ ಮರಳಿನಲ್ಲಿ ಹೂತಿತು. ನಾಲ್ಕು ಹೆಜ್ಜೆಗೆ ಮಂಡಿ ಇಲ್ಲ ಅಂದಿತು. ಒಂಟೆಗಾಡಿಯ ಮುದುಕನೊಬ್ಬ ಹೋಗುತ್ತಾ, "ರಾಮ್ ರಾಮ್, ತಾಯಿ" ಅಂತ ಅವನ ಭಾಷೆಯಲ್ಲಿ ಅಂದ. ನಾನು ವಾಪಸ್ ಬಂದು, ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ದಡಾರನೆ ಹಾಕಿಕೊಂಡೆ. ಹಾಲ್ಟುಗಳಲ್ಲಿ ಕಾಫಿ ಚಾಚಿದರು, ನಾನು ಮುಟ್ಟಲಿಲ್ಲ.

ಅವತ್ತು ಸಂಜೆ ಬಾಲ್ಕನಿಯಲ್ಲಿ ಕುದಿಯುತ್ತಾ ನಿಂತಿದ್ದಾಗ ಕಂಡೆ. ಕಾರು ನಿಲ್ಲಿಸಿ, ಬೀಗವನ್ನೂ ಸರಿಯಾಗಿ ಹಾಕದೆ, ಆ ಮನುಷ್ಯ ಎರಡೆರಡು ಮೆಟ್ಟಿಲು ಹತ್ತಿ ಓಡಿದರು. ಸ್ವಲ್ಪ ಹೊತ್ತಿಗೆ ಅವರ ಕಿಟಕಿಯಲ್ಲಿ ದೀಪ. ಹಿತ್ತಾಳೆಯ ತೂಗುದೀಪ, ಕೊಡಗಿನ ಮನೆಗಳ ನಡುಮನೆಯಲ್ಲಿ ಹಚ್ಚುವಂಥದ್ದು. ಅದರ ಹಿಂದೆ ಗೋಡೆಯ ಮೇಲೆ ತೀರಿಹೋದ ಅವರ ಹೆಂಡತಿಯ ಫೋಟೋ. ನಾನು ಆ ದೀಪವನ್ನು ದಿನಾ ನೋಡುತ್ತಿದ್ದೆ. ನಾವು ಮೂರು ಸಲ ತಿರುಗಿ ಬಂದದ್ದು ಅದಕ್ಕೇ ಅಂತ ಹೊಳೆದದ್ದು ಅವತ್ತು.

ಮರುದಿನ ಬೆಳಗ್ಗೆ ಟೈರಿನ ಪಕ್ಕದಲ್ಲೇ ಹಿಡಿದೆ. "ಬಾಯಿ ಬಿಟ್ಟು ಹೇಳಬಾರದಿತ್ತಾ? ಒಂದು ಸಂಜೆ ನಮ್ಮ ಕೆಲಸದವಳು ಬಂದು ಹಚ್ಚಿ ಹೋಗ್ತಿದ್ದಳು."

ಕೋಲು ಗಾಳಿಯಲ್ಲೇ ನಿಂತಿತು. "ಅದನ್ನ ನಾನೇ ಹಚ್ಚಬೇಕು, ಮೇಡಂ. ಬೇರೆಯವರು ಹಚ್ಚಿದರೆ ಅವಳಿಗೆ ಗೊತ್ತಾಗುತ್ತೆ."

ನಾನು ಸೋತೆ. ಟ್ಯಾಕ್ಸಿ ಮಾಡಿಕೊಳ್ಳುತ್ತೇನೆ, ಬಿಲ್ಲೆ ಕೊಟ್ಟುಬಿಡಿ ಅಂದೆ. ಶನಿವಾರ ಕೊಡುತ್ತೇನೆ ಅಂದರು.

ಶುಕ್ರವಾರ ಇನ್ನೂ ಕತ್ತಲಿರುವಾಗಲೇ ನಿದ್ದೆಗಣ್ಣಿನಲ್ಲಿ ಟಪ್ ಟಪ್ ಕೇಳಿದ ಹಾಗಿತ್ತು. ಎದ್ದು ನೋಡಿದರೆ ಕಾರಿನ ಜಾಗ ಖಾಲಿ. ದೀಪದ ಹೊತ್ತಿಗೆ ಕಾರು ಬಂತು. ಮರುದಿನ ನನ್ನ ಬಾಗಿಲಲ್ಲಿ ಅಟೆನ್ಷನ್‌ನಲ್ಲಿ ನಿಂತು ಹೇಳಿದರು, "ಕನ್‌ಸೈನ್‌ಮೆಂಟ್ ಡೆಲಿವರ್ಡ್, ಮೇಡಂ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನನ್ನನ್ನ ಬಿಟ್ಟು?"

"ಒಬ್ಬನೇ ಆದರೆ ಹಾಲ್ಟ್ ಬೇಕಾಗಲ್ಲ. ಹಗಲಲ್ಲೇ ಹೋಗಿ ಬರಬಹುದು. ಹಾಲ್ಟ್ ಇದ್ದದ್ದು ನಿಮ್ಮ ಮಂಡಿಗೆ."

ಗಾಡಿಗೆ ರೆಸ್ಟ್ ಅಂತೆ! ಬಾನೆಟ್ ಎತ್ತಿ ಇಳಿಸಿದ್ದೆಲ್ಲ ನಾಟಕ! ಆ ಕ್ಷಣಕ್ಕೆ ಅದೂ ನನ್ನ ಸಿಟ್ಟಿಗೆ ಎಣ್ಣೆಯೇ ಆಯಿತು.

"ನಿಮ್ಮ ದೀಪ ನೀವೇ ಹಚ್ಚಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ನನ್ನ ಗಂಡನ ಬಿಲ್ಲೆ ಮಾತ್ರ ಯಾರು ಬೇಕಾದರೂ ಹೋಗಿ ಹಾಕಬಹುದು, ಅಲ್ವಾ ಕರ್ನಲ್?"

ಆ ಮಾತು ಅವರಿಗೆ ತಾಗಿತು. ಅಟೆನ್ಷನ್ ಸಡಿಲವಾಯಿತು. ಒಂದು ಸಲ ಮೆಟ್ಟಿಲ ಕಡೆ ನೋಡಿದರು, ಓಡಿಹೋಗುವ ಹಾಗೆ. ಆಮೇಲೆ ನಿಧಾನವಾಗಿ ಹೇಳಿದರು.

"ಅಲ್ಲಿ ಯಾರೂ ಇರಲಿಲ್ಲ, ಮೇಡಂ. ರೂಮಿಗೆ ಸೂರಿಲ್ಲ. ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಬೋರ್ಡು ಇಲ್ಲ. ನಿಮ್ಮನ್ನ ಕರ್ಕೊಂಡು ಹೋಗಿ ಅದನ್ನ ತೋರಿಸಿ, ಮತ್ತೆ ಇಷ್ಟು ದೂರ ವಾಪಸ್ ಕರ್ಕೊಂಡು ಬರೋದು... ಹೀಗಿರಬಹುದು ಅಂತ ಅನಿಸಿ ಮೊದಲೇ ನೋಡಿ ಬರೋಣ ಅಂತ ಹೋದೆ."

"ಬಿಲ್ಲೆ?"

"ಹಲಗೆಯಲ್ಲಿ ಒಂದು ಮೊಳೆ ಹೊರಗೆ ಬಂದಿತ್ತು. ಅದಕ್ಕೆ ಹಾಕಿದೆ." ಕೋಲಿನ ತುದಿಯನ್ನು ನೋಡುತ್ತಾ ಸೇರಿಸಿದರು, "ನಂಬರು ಕೂಗೋನು ಇಲ್ಲವಲ್ಲ. ನಾನೇ ಕೂಗಿದೆ. ಚಾರ್ ಸೌ ಸತ್ರಾ, ಊಪರ್. ಜೋರಾಗಿಯೇ ಕೂಗಿದೆ. ಒಂದು ಮೇಕೆ ತಿರುಗಿ ನೋಡಿತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಅವರೆದುರು ಮಾಡಬಾರದು ಅಂತ ಬಾಗಿಲು ಹಾಕಿಕೊಂಡೆ. ಮುರಿದ ಗೋಡೆಯಾದರೂ ಸರಿ, ಅದರ ಮುಂದೆ ನಿಲ್ಲಬೇಕಾದವಳು ನಾನು. ಕೂಗಬೇಕಾದದ್ದು ನನ್ನ ಗಂಟಲು. ಇವತ್ತಿಗೂ ಹಾಗೇ ಅನಿಸುತ್ತದೆ. ಜೆಮ್ ಆಫ್ ಎ ಪರ್ಸನ್ ಅಂತ ಬರೆದವರಿಗೆ ಇದೆಲ್ಲ ಏನು ಗೊತ್ತು?

ಆ ಬೇಸಿಗೆ ಪೂರ್ತಿ ನಾನು ಅವರ ಜೊತೆ ಮಾತು ಬಿಟ್ಟೆ. ತರಕಾರಿ ಗಾಡಿಗೆ ಅವರು ಹೋದ ಮೇಲೆ ಹೋಗುತ್ತಿದ್ದೆ. ಟಪ್ ಟಪ್ ಕೇಳಿದರೆ ರೇಡಿಯೋ ಹಾಕುತ್ತಿದ್ದೆ. ಮಳೆ ಮುಗಿಯುವ ಹೊತ್ತಿಗೆ ಅವರು ಮನೆ ಖಾಲಿ ಮಾಡುತ್ತಿದ್ದಾರೆ, ಕಾರು ಮಾರಿದ್ದಾರೆ, ಮೈಸೂರಿಗೆ ಹೊರಟಿದ್ದಾರೆ ಅಂತ ನಮ್ಮ ಕೆಲಸದವಳೇ ಸುದ್ದಿ ತಂದಳು.

ಹೊರಡುವ ದಿನ ಮಧ್ಯಾಹ್ನ ಬಾಗಿಲು ತಟ್ಟಿದರು. ಕೈಯಲ್ಲಿ ಅವರ ಮನೆಯ ಕೀ.

"ಫ್ಲೈಟು ಸಂಜೆ, ಮೇಡಂ. ದೀಪದ ಹೊತ್ತಿಗೆ ನಾನು ಆಕಾಶದಲ್ಲಿರ್ತೀನಿ. ಸಾಮಾನೆಲ್ಲ ಹೋಯಿತು, ದೀಪ ಮಾತ್ರ ಇಟ್ಟಿದ್ದೀನಿ, ಎಣ್ಣೆ ಬತ್ತಿ ಎಲ್ಲ ರೆಡಿ. ಇವತ್ತೊಂದು ಸಂಜೆ."

ನಾನು ಕೈ ಚಾಚಲಿಲ್ಲ. "ಈಗ ಯಾರು ಹಚ್ಚಿದರೂ ನಡೆಯುತ್ತಾ?"

"ಯಾರು ಹಚ್ಚಿದರೂ ಅಲ್ಲ" ಅಂದರು. "ನೀವು."

ಕೀ ತೆಗೆದುಕೊಂಡೆ. ಅದು ಅವರ ಮುಷ್ಟಿಯ ಬಿಸಿಗೆ ಬೆಚ್ಚಗಾಗಿತ್ತು. ಥ್ಯಾಂಕ್ಸ್ ಅವರೂ ಹೇಳಲಿಲ್ಲ, ಸಾರಿ ನಾನೂ ಹೇಳಲಿಲ್ಲ. ಮಂಡಿ ನೋಡಿಕೊಳ್ಳಿ ಅಂದು ಇಳಿದು ಹೋದರು.

ಬಾಲ್ಕನಿಗೆ ಬಂದೆ. ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಕರ್ನಲ್ ಅದರ ಸುತ್ತ ಒಂದು ಸುತ್ತು ಬಂದರು. ಟಪ್, ಟಪ್, ಟಪ್, ಟಪ್. ಡ್ರೈವರ್ ತಲೆ ಹೊರಗೆ ಹಾಕಿ, "ಅಂಕಲ್ ಜೀ, ಫ್ಲೈಟ್ ಛೂಟ್ ಜಾಯೇಗೀ!" ಅಂದ. ಅವರು ಡಿಕ್ಕಿ ತೆಗೆಸಿದರು. ಒಳಗೆ ಗ್ಯಾಸ್ ಸಿಲಿಂಡರು, ಅದರ ಮೇಲೆ ಅವರ ಪೆಟ್ಟಿಗೆ. ಸ್ಟೆಪ್ನಿ ಎಲ್ಲಿ ಅಂತ ವಿಚಾರಣೆ ನಡೆಯಿತು, ಡ್ರೈವರ್ ಎಲ್ಲೋ ಕೈ ತೋರಿಸಿದ, ಇವರು ಬಗ್ಗಿ ನೋಡಿದರು. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ತಲೆ ಎತ್ತಿ ನನ್ನ ಬಾಲ್ಕನಿಯ ಕಡೆ ನೋಡಿ, ನೋಡಿದಿರಾ ನಿಮ್ಮ ಟ್ಯಾಕ್ಸಿಗಳ ಹಣೆಬರಹ, ಅನ್ನುವ ಹಾಗೆ ಕತ್ತು ಅಲ್ಲಾಡಿಸಿದರು. ಆಮೇಲೆ ಸೂರ್ಯನನ್ನು ನೋಡಿದರು. ಹತ್ತಿ ಡ್ರೈವರ್ ಪಕ್ಕ ಕೂತರು.

ಟ್ಯಾಕ್ಸಿ ಜೋರಾಗಿ ಹೊರಟಿತು. ಗೇಟಿನ ತಿರುವಿನಲ್ಲಿ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಅಂಗೈ ಕೆಳಗಾಗಿ, ನಿಧಾನ, ನಿಧಾನ. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಕೀ ಹಿಡಿದುಕೊಂಡು ನಾನೊಬ್ಬಳು ನಿಂತಿದ್ದೆ.